ಒಲ್ಲದ ಮಗಳು, ಬಿಡದ ತಾಯಿ: ಡಿಮೀಟರಳ ಕಥೆಯನ್ನು ಶಾಲೆಯ ಮಕ್ಕಳು ಆಡಬಹುದೇ?

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಒಂಬತ್ತನೆಯ ತರಗತಿಯ ಹೆಣ್ಣುಮಕ್ಕಳಿಂದ ವಾರ್ಷಿಕೋತ್ಸವಕ್ಕೆ ಗ್ರೀಕರ ಸುಗ್ಗಿಯ ದೇವತೆ ಡಿಮೀಟರಳ ಕಥೆಯನ್ನು ಅರ್ಧ ಗಂಟೆಯ ನಾಟಕವಾಗಿ ಆಡಿಸುತ್ತಿದ್ದೇನೆ. ಪಾತಾಳದ ದೊರೆ ಹೇಡೀಸ್ ಅವಳ ಮಗಳು ಪರ್ಸೆಫೊನಿಯನ್ನು ಹೊತ್ತೊಯ್ಯುತ್ತಾನೆ. ತಾಯಿ ಸಿಟ್ಟಾಗಿ ಬೆಳೆ ನಿಲ್ಲಿಸುತ್ತಾಳೆ. ಮಗಳು ದಾಳಿಂಬೆಯ ಆರು ಕಾಳು ತಿಂದದ್ದರಿಂದ ವರ್ಷಕ್ಕೆ ಆರು ತಿಂಗಳು ಕೆಳಗೇ ಇರಬೇಕಾಗುತ್ತದೆ, ಆಗ ಭೂಮಿಯ ಮೇಲೆ ಚಳಿಗಾಲ. ನನಗೆ ಗೊತ್ತಿರುವುದು ಇಷ್ಟು. ಈಗ ತೊಡಕುಗಳು ಶುರುವಾಗಿವೆ. ಒಬ್ಬ ತಾಯಿ ಶಾಲೆಗೆ ಬಂದು, ಹುಡುಗಿಯನ್ನು ಎಳೆದೊಯ್ಯುವ ಕಥೆ ತಮ್ಮ ಮಗಳಿಗೆ ಬೇಡ ಎಂದರು. ಮೂಲ ಕಥೆಯಲ್ಲಿ ಪರ್ಸೆಫೊನಿ ತಾನಾಗಿ ಒಪ್ಪಿ ಹೋದಳೆಂದು ಅಂತರ್ಜಾಲದಲ್ಲಿ ಓದಿದೆ. ಹಾಗೆ ಬದಲಿಸಿದರೆ ಆದೀತೇ? ಒಬ್ಬ ವಿದ್ಯಾರ್ಥಿನಿ, ‘ಹೊಲ ಬರಿದಾಗುವುದು ಬೇಸಿಗೆಯಲ್ಲಿ, ಚಳಿಗಾಲದಲ್ಲಿ ಜೋಳ ನಿಂತಿರುತ್ತದಲ್ಲ’ ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಡಿಮೀಟರ್ ಎಂದರೆ ನಮ್ಮ ಭೂತಾಯಿಯೇ, ಎಳ್ಳಮಾವಾಸ್ಯೆಯ ಚರಗದ ದೃಶ್ಯವನ್ನೂ ಸೇರಿಸಿ ಎಂದು ಸಹೋದ್ಯೋಗಿಯೊಬ್ಬರ ಸಲಹೆ. ಅವಳ ಪೂಜೆಯಲ್ಲಿ ಅಮಲಿನ ಪಾನೀಯ ಕುಡಿಯುತ್ತಿದ್ದರಂತೆ, ಶಾಲೆಗೆ ಇದು ತಕ್ಕದ್ದಲ್ಲ ಎಂದು ಇನ್ನೊಬ್ಬರ ಅಭಿಪ್ರಾಯ. ನಾಟಕ ಕೈಬಿಡಲೇ, ತಿದ್ದಲೇ, ಇದ್ದ ಹಾಗೆಯೇ ಆಡಿಸಲೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವು, ಅವುಗಳ ಹಿಂದಿನ ಅಳುಕು ಒಂದೇ ಎಂದು ನನಗನ್ನಿಸುತ್ತದೆ: ಹದಿನಾಲ್ಕರ ಹುಡುಗಿಯರ ಕೈಗೆ ಕೊಡುತ್ತಿರುವ ಕಥೆ ಅವರಿಗೆ ನೋವು ಮಾಡೀತೇ? ಗ್ರೀಕರ ದೇವತೆಗಳನ್ನೂ ಆಚರಣೆಗಳನ್ನೂ ಬಹಳ ವರ್ಷ ಪಾಠ ಹೇಳಿದ ಅನುಭವದಿಂದ ಹೇಳುತ್ತೇನೆ, ನಾಟಕ ಕೈಬಿಡಬೇಡಿ. ಆದರೆ ನಿಮ್ಮ ಕೈಗೆ ಸಿಕ್ಕಿರುವುದು ಮಕ್ಕಳ ಪುಸ್ತಕಗಳ ಮೂಲಕ ಸವೆದು ಬಂದ ಕಥೆ. ಹಳೆಯದನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಅರ್ಧ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ.

ನಮಗೆ ಸಿಕ್ಕಿರುವ ಅತ್ಯಂತ ಹಳೆಯ, ಪೂರ್ಣವಾದ ನಿರೂಪಣೆ ಎಂದರೆ ಹೋಮರನ ಹೆಸರಿನಲ್ಲಿ ಉಳಿದುಬಂದಿರುವ ಡಿಮೀಟರ್ ಸ್ತೋತ್ರ. ಸುಮಾರು ಕ್ರಿ.ಪೂ. 7–6ನೆಯ ಶತಮಾನದ್ದು, 495 ಸಾಲು. ಅದರ ಒಂದೇ ಒಂದು ಹಸ್ತಪ್ರತಿ 1777ರಲ್ಲಿ ಮಾಸ್ಕೋದಲ್ಲಿ ಬೆಳಕಿಗೆ ಬಂತು. ಅದು ಸಿಗದೆ ಹೋಗಿದ್ದರೆ ಈ ಕಥೆಯ ತಾಯಿ ನಮಗೆ ಇಷ್ಟು ಸ್ಪಷ್ಟವಾಗಿ ಕಾಣುತ್ತಲೇ ಇರಲಿಲ್ಲ.

ಆ ಸ್ತೋತ್ರದಲ್ಲಿ ಹೇಡೀಸ್ ಹುಡುಗಿಯನ್ನು ಹಿಡಿಯುವ ಸಾಲಿನಲ್ಲಿ ‘ಅಯೆಕೂಸಾನ್’ ಎಂಬ ಒಂದು ಪದವಿದೆ. ಅದಕ್ಕೆ ನಿಮ್ಮ ಕಡೆಯ ಮಾತಿನಲ್ಲೇ ಸರಿಯಾದ ಪದವಿದೆ: ಒಲ್ಲದವಳನ್ನು. ಒಲ್ಲದವಳನ್ನು ಹಿಡಿದು, ಅಳುತ್ತಿದ್ದವಳನ್ನು ಚಿನ್ನದ ರಥದಲ್ಲಿ ಒಯ್ದನು. ಕವಿ ಇದರಲ್ಲಿ ಸಂದಿಗ್ಧ ಇಟ್ಟಿಲ್ಲ. ಮುಂದೆ ಮಗಳು ತಾಯಿಯ ಮಡಿಲಿಗೆ ಮರಳಿದಾಗಲೂ, ದಾಳಿಂಬೆಯನ್ನು ತನಗೆ ಬಲವಂತದಿಂದ ತಿನ್ನಿಸಿದನೆಂದೇ ಹೇಳುತ್ತಾಳೆ. ಪರ್ಸೆಫೊನಿ ಸತ್ತವರ ಮೇಲಿನ ಕರುಣೆಯಿಂದ ತಾನಾಗಿ ಕೆಳಗಿಳಿದಳು ಎಂಬ ಕಥೆಯನ್ನು ಅಮೆರಿಕದ ಲೇಖಕಿಯೊಬ್ಬರು 1978ರಲ್ಲಿ ಪ್ರಕಟಿಸಿದರು. ಅದು ಅವರ ಮರುಕಲ್ಪನೆ. ಅದಕ್ಕೆ ಆಧಾರವಾಗುವ ಯಾವ ಪ್ರಾಚೀನ ಪಠ್ಯವೂ ಉಳಿದಿಲ್ಲ. ಅಂತರ್ಜಾಲದಲ್ಲಿ ಅದೇ ಬೆಳೆದು ಪ್ರೇಮಕಥೆಯಾಗಿದೆ. ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು. ಕರೆಸಿಕೊಂಡರೂ ಅವಳಿಗೆ ತಾಯಿಯ ಹಿಂದೆ ಬರುವ ಮನಸ್ಸಿರಲಿಲ್ಲ ಎಂಬ ಅರ್ಥದ ಸಾಲೊಂದು ರೋಮಿನ ಕವಿ ವರ್ಜಿಲನಲ್ಲಿದೆ. ದಕ್ಷಿಣ ಇಟಲಿಯ ಲೋಕ್ರಿಯಲ್ಲಿ ಸಿಕ್ಕ ಸುಟ್ಟ ಮಣ್ಣಿನ ಫಲಕಗಳಲ್ಲಿ ಅವಳು ಗಂಡನ ಪಕ್ಕದಲ್ಲಿ ರಾಣಿಯ ಗಾಂಭೀರ್ಯದಿಂದ ಕುಳಿತಿದ್ದಾಳೆ. ಅಲ್ಲಿ ಅವಳನ್ನು ಮದುವೆಯ ದೇವತೆಯಾಗಿ ಪೂಜಿಸುತ್ತಿದ್ದರು. ಪಾತಾಳದಲ್ಲಿ ಅವಳು ದೊಡ್ಡ ರಾಣಿಯಾದದ್ದು ನಿಜ. ಆದರೆ ಹೋದ ಮೇಲೆ ಆದದ್ದು ಬೇರೆ, ಹೋದ ಬಗೆ ಬೇರೆ.

ಇನ್ನು ನಿಮ್ಮ ತರಗತಿಯಲ್ಲಿ ಖಂಡಿತ ಏಳುವ ಮಾತೊಂದಿದೆ, ಅದಕ್ಕೆ ಸಿದ್ಧರಾಗಿರಿ. ಡಿಮೀಟರ್, ದೇವತೆಗಳ ದೊರೆ ಝ್ಯೂಸ್, ಹೇಡೀಸ್ ಮೂವರೂ ಕ್ರೋನೋಸ್ ಮತ್ತು ರೀಯಾರ ಮಕ್ಕಳು. ಹುಡುಗಿಯ ತಂದೆ ಝ್ಯೂಸ್. ಅಂದರೆ ಹೇಡೀಸ್ ತಾಯಿಯ ಅಣ್ಣತಮ್ಮನೂ ಹೌದು, ತಂದೆಯ ಅಣ್ಣತಮ್ಮನೂ ಹೌದು. ಸೋದರಮಾವನಿಗೆ ಹೆಣ್ಣು ಕೊಡುವುದನ್ನು ಕಂಡು ಬೆಳೆದ ಮಕ್ಕಳು, ‘ಮಾವನೇ ತಾನೇ, ತಂದೆಯೂ ಒಪ್ಪಿದ್ದಾನೆ, ಮತ್ತೇಕೆ ಅಳು?’ ಎಂದು ಕೇಳಬಹುದು. ಸ್ತೋತ್ರದಲ್ಲಿ ಈ ಮಾತನ್ನು ಆಡುವವನು ಸೂರ್ಯ, ಹೀಲಿಯೋಸ್. ಒಂಬತ್ತು ದಿನ ಎರಡು ಕೈಯಲ್ಲೂ ಪಂಜು ಹಿಡಿದು, ತಿನ್ನದೆ, ಕುಡಿಯದೆ, ಸ್ನಾನ ಮಾಡದೆ ಅಲೆದು ಬಂದ ತಾಯಿಗೆ ಅವನು ನಡೆದದ್ದನ್ನು ಹೇಳುತ್ತಾನೆ. ಹೇಳಿ ಸಮಾಧಾನವನ್ನೂ ಮಾಡುತ್ತಾನೆ: ಅತ್ತಿದ್ದು ಸಾಕು, ಅಳಿಯನಾಗಿ ಅವನೇನೂ ಅಯೋಗ್ಯನಲ್ಲ, ನಿನ್ನ ಒಡಹುಟ್ಟಿದವನೇ, ಲೋಕದ ಮೂರನೆಯ ಒಂದು ಪಾಲಿಗೆ ಒಡೆಯ. ಬೀಗತನದ ಲೆಕ್ಕದಲ್ಲಿ ಒಂದೂ ಸುಳ್ಳಲ್ಲ. ಅದನ್ನು ಕೇಳಿದ ಮೇಲೆಯೇ ಡಿಮೀಟರಳ ದುಃಖ ಇನ್ನಷ್ಟು ಉಗ್ರವಾಗಿ, ಅವಳು ದೇವತೆಗಳ ಸಭೆಯನ್ನೇ ಬಿಟ್ಟು ಮನುಷ್ಯರ ಊರುಗಳಿಗೆ ಇಳಿಯುತ್ತಾಳೆ. ಇಡೀ ಸ್ತೋತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕುವ ಜಾಗ ಇದು. ಪ್ರಾಚೀನ ಅಥೆನ್ಸಿನಲ್ಲಿ ಹುಡುಗಿಯರಿಗೆ ಹದಿನಾಲ್ಕು ಹದಿನೈದಕ್ಕೆಲ್ಲ ಮದುವೆಯಾಗುತ್ತಿತ್ತು. ರಾತ್ರಿ ಗಂಡನ ಮನೆಗೆ ಹೊರಟ ಮೆರವಣಿಗೆಯಲ್ಲಿ ಪಂಜು ಹಿಡಿದು ನಡೆಯುವವಳು ಮದುಮಗಳ ತಾಯಿ. ಡಿಮೀಟರಳ ಕೈಯಲ್ಲೂ ಪಂಜುಗಳಿವೆ, ಮುಂದೆ ಮಗಳಿಲ್ಲ. ಆ ಕಾಲದ ತಾಯಂದಿರಿಗೆ ಈ ಚಿತ್ರ ಹೇಗೆ ತಟ್ಟಿರಬೇಕೆಂದು ಯೋಚಿಸಿ.

ಆದ್ದರಿಂದಲೇ ಕಥೆಯನ್ನು ಪ್ರೇಮಕಥೆಯಾಗಿ ತಿದ್ದಬೇಡಿ ಎನ್ನುತ್ತೇನೆ. ಹುಡುಗಿ ಒಪ್ಪಿ ಹೋಗಿದ್ದರೆ ತಾಯಿಯ ಸಿಟ್ಟಿಗೆ ನ್ಯಾಯವೇ ಇರುವುದಿಲ್ಲ. ಮಗಳ ಸುಖ ನೋಡಲಾರದ ಹಟಮಾರಿ ಹೆಂಗಸಾಗಿ ಡಿಮೀಟರ್ ಉಳಿಯುತ್ತಾಳೆ. ಬರಗಾಲ ಬರಿಯ ಮುನಿಸಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಮಕ್ಕಳ ಮನಸ್ಸಿನಲ್ಲಿ ಉಳಿಯುವ ಪಾಠ: ಹೊತ್ತೊಯ್ದವನನ್ನೇ ಕೊನೆಗೆ ಪ್ರೀತಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು. ಆಕ್ಷೇಪಿಸಿದ ಆ ತಾಯಿಗೆ ಬೇಡವಾದದ್ದೂ ಇದೇ ಇರಬೇಕು. ಅವರನ್ನು ಎದುರಾಳಿ ಎಂದುಕೊಳ್ಳದೆ ಕರೆದು ಕೂರಿಸಿ, ಡಿಮೀಟರ್ ನಿಂತಿರುವುದು ನಿಮ್ಮ ಪಕ್ಕದಲ್ಲೇ ಎಂದು ಕಥೆ ಹೇಳಿ.

ಹಾಗೆಂದು ಎಳೆದೊಯ್ಯುವುದನ್ನು ವೇದಿಕೆಯ ಮೇಲೆ ತೋರಿಸುವುದೂ ಬೇಡ. ಕಾಲೇಜೊಂದರಲ್ಲಿ ಇದೇ ದೃಶ್ಯವನ್ನು ಹಾಗೆ ಆಡಿದಾಗ ಹಿಂದಿನ ಸಾಲುಗಳಿಂದ ಶಿಳ್ಳೆ ಬಂದದ್ದನ್ನು ನಾನು ಕೇಳಿದ್ದೇನೆ. ಪಾತ್ರ ಮಾಡಿದ ಹುಡುಗಿ ಪರದೆಯ ಹಿಂದೆ ಬಹಳ ಹೊತ್ತು ಅತ್ತಳು. ಅಂದಿನಿಂದ ನಾನು ಕೊಡುವ ಸಲಹೆ ಸ್ತೋತ್ರದ ಕವಿಯಿಂದಲೇ ಕಲಿತದ್ದು. ಅವನು ಆ ಘಟನೆಗೆ ಕೊಡುವುದು ಕೆಲವೇ ಸಾಲು. ಗುಹೆಯಲ್ಲಿದ್ದ ಹೆಕಟೀ ಎಂಬ ದೇವತೆ ಕೂಗನ್ನಷ್ಟೇ ಕೇಳಿಸಿಕೊಳ್ಳುತ್ತಾಳೆ, ಕಣ್ಣಾರೆ ಕಾಣುವುದಿಲ್ಲ. ತಾಯಿಗೂ ಬೆಟ್ಟಗಳಲ್ಲಿ, ಕಡಲಿನಲ್ಲಿ ಮಾರ್ದನಿಸಿದ ದನಿ ಮಾತ್ರ ಕೇಳುತ್ತದೆ. ನಿಮ್ಮ ನಾಟಕದಲ್ಲೂ ಹಾಗೆಯೇ ಆಗಲಿ: ಹೂ ಕೀಳುವ ಗೆಳತಿಯರು, ಒಂದು ಕೂಗು, ಕತ್ತಲು, ಬೆಳಕು ಬಂದಾಗ ಬೋರಲಾಗಿ ಬಿದ್ದ ಹೂಬುಟ್ಟಿ. ಇದರಲ್ಲಿ ಒಂದು ತೊಂದರೆಯಿದೆ. ಕಥೆ ಗೊತ್ತಿಲ್ಲದ ಚಿಕ್ಕ ಮಕ್ಕಳಿಗೆ ಏನಾಯಿತೆಂದು ತಿಳಿಯುವುದಿಲ್ಲ. ಸೂತ್ರಧಾರಿಣಿಯೊಬ್ಬಳು ನಾಲ್ಕು ಮಾತಿನಲ್ಲಿ ಹೇಳಿದರೆ ಸಾಕು. ಅಭ್ಯಾಸದ ದಿನಗಳಲ್ಲಿ ಯಾವ ಹುಡುಗಿಯಾದರೂ ತನ್ನ ಮನೆಯ ಸಂಗತಿ ಹೇಳಿಕೊಂಡರೆ, ಓದು ಬಿಡಿಸಿ ಮದುವೆ ಮಾಡುವ ಮಾತು ನಡೆದಿದೆ ಎಂದರೆ, ಅದನ್ನು ನಾಟಕದ ಮಾತೆಂದು ಬಿಟ್ಟುಬಿಡಬೇಡಿ. ಮಕ್ಕಳ ಸಹಾಯವಾಣಿ 1098 ಇರುವುದು ಅದಕ್ಕೇ.

ಈಗ ಆ ಜೋಳದ ಹುಡುಗಿಯ ಪ್ರಶ್ನೆ. ಅವಳಿಗೆ ನನ್ನ ಶಾಭಾಸ್ ತಿಳಿಸಿ, ಏಕೆಂದರೆ ವಿದ್ವಾಂಸರು ಬಹುಕಾಲ ವಾದಿಸಿರುವುದು ಇದನ್ನೇ. ಹಿಮ ಮುಚ್ಚಿದ ಬರಡು ನೆಲದ ಚಿತ್ರ ಗ್ರೀಸಿನ ಬಯಲಿನದಲ್ಲ. ಅಥೆನ್ಸಿನ ಸುತ್ತಲ ಆಟಿಕಾದಲ್ಲಿ ಜವೆಗೋಧಿ, ಗೋಧಿ ಬಿತ್ತುತ್ತಿದ್ದುದು ಅಕ್ಟೋಬರ್–ನವೆಂಬರ್ ಹೊತ್ತಿಗೆ, ಮೊದಲ ಮಳೆ ಬಿದ್ದ ಮೇಲೆ. ಚಳಿಗಾಲವೆಲ್ಲ ಹೊಲ ಹಸಿರು. ಮೇ–ಜೂನಿನಲ್ಲಿ ಕೊಯ್ಲು, ಕಣ. ಆಮೇಲೆ ಸೆಪ್ಟೆಂಬರಿನವರೆಗೆ ಮಳೆಯಿಲ್ಲದೆ ನೆಲ ಸುಟ್ಟು ಬಿರುಕು ಬಿಡುತ್ತದೆ. ನಿಮ್ಮ ಹಿಂಗಾರಿ ಜೋಳದ ಹೊಲ ಕಂಡವರಿಗೆ ಇದು ಚೆನ್ನಾಗಿ ಅರ್ಥವಾಗುವ ಲೆಕ್ಕ. ಆ ಬೇಸಿಗೆಯ ತಿಂಗಳುಗಳಲ್ಲಿ ಬೀಜದ ಕಾಳು ಎಲ್ಲಿರುತ್ತಿತ್ತು? ನೆಲದೊಳಗಿನ ಕುಳಿಗಳಲ್ಲಿ. ಗ್ರೀಕರು ‘ಸಿರೋಸ್’ ಎನ್ನುತ್ತಿದ್ದುದು ನಿಮ್ಮ ಊರಿನ ಹಿರಿಯರು ಹೇಳುವ ಹಗೇವನ್ನೇ. ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನ ಕಲ್ಬರಹವೊಂದಿದೆ: ರೈತರು ಜವೆಗೋಧಿಯಲ್ಲಿ ಆರುನೂರರಲ್ಲಿ ಒಂದು ಪಾಲು, ಗೋಧಿಯಲ್ಲಿ ಸಾವಿರದ ಇನ್ನೂರರಲ್ಲಿ ಒಂದು ಪಾಲು ಡಿಮೀಟರಳ ಗುಡಿಯಿದ್ದ ಊರಾದ ಎಲ್ಯೂಸಿಸ್‌ನ ದೇವತೆಗಳಿಗೆ ಮೀಸಲು ಕೊಡಬೇಕು, ಆ ಕಾಳು ತುಂಬಲು ಅಲ್ಲಿ ಹಿಂದಿನ ಪದ್ಧತಿಯಂತೆ ಮೂರು ಹಗೇವು ತೋಡಿಸಬೇಕು.

ಸ್ವೀಡನ್ನಿನ ವಿದ್ವಾಂಸ ಮಾರ್ಟಿನ್ ನಿಲ್ಸನ್ ಇದನ್ನೆಲ್ಲ ನೋಡಿ, ಮಗಳು ಕೆಳಗಿರುವುದು ಬೇಸಿಗೆಯಲ್ಲಿ, ಕಾಳು ಹಗೇವಿನಲ್ಲಿರುವಾಗ, ಬಿತ್ತನೆಗೆ ಕಾಳು ತೆಗೆದಾಗ ಅವಳು ಮೇಲೆ ಬರುತ್ತಾಳೆ ಎಂದು ವಾದಿಸಿದರು. ಸುಂದರವಾದ ವಾದ, ನನಗೂ ಬಹಳ ಇಷ್ಟ. ಆದರೆ ಪಠ್ಯಕ್ಕೆ ನಿಷ್ಠರಾಗಿರಬೇಕು. ಸ್ತೋತ್ರದಲ್ಲಿ ಅವಳು ಮೇಲೆ ಬರುವುದು ವಸಂತದ ಹೂಗಳು ಅರಳಿದಾಗ ಎಂದು ಸ್ಪಷ್ಟವಾಗಿದೆ. ಅದಕ್ಕಿಂತ ಮುಖ್ಯವಾಗಿ, ಮಗಳು ಕೆಳಗಿದ್ದಾಗಲೆಲ್ಲ ಪ್ರತಿವರ್ಷವೂ ಭೂಮಿ ಬರಡಾಗುತ್ತದೆ ಎಂದು ಸ್ತೋತ್ರ ಎಲ್ಲಿಯೂ ಹೇಳುವುದಿಲ್ಲ. ಅಲ್ಲಿರುವುದು ಒಂದೇ ಒಂದು ಘೋರ ವರ್ಷ. ಎತ್ತುಗಳು ನೇಗಿಲೆಳೆದದ್ದು ವ್ಯರ್ಥ, ಬಿದ್ದ ಬಿಳಿಯ ಜವೆಗೋಧಿ ಮೊಳೆಯಲಿಲ್ಲ, ಏಕೆಂದರೆ ಡಿಮೀಟರ್ ಬೀಜವನ್ನು ಅಡಗಿಸಿಟ್ಟಳು. ಅದು ತಾಯಿ ಹೂಡಿದ ಮುಷ್ಕರ. ಝ್ಯೂಸ್ ಮೊದಲು ದೇವದೂತಿ ಇರಿಸಳನ್ನು, ಆಮೇಲೆ ಒಬ್ಬರಾದ ಮೇಲೊಬ್ಬರಂತೆ ಎಲ್ಲ ದೇವತೆಗಳನ್ನೂ ಕಾಣಿಕೆ ಸಮೇತ ಕಳಿಸುತ್ತಾನೆ. ಮಗಳನ್ನು ಕಣ್ಣಾರೆ ಕಾಣುವ ತನಕ ಒಂದು ಕಾಳೂ ಮೇಲೇಳದು ಎನ್ನುತ್ತಾಳೆ. ಮನುಷ್ಯರು ಅಳಿದರೆ ದೇವತೆಗಳಿಗೆ ನೈವೇದ್ಯವೂ ಇಲ್ಲ ಎಂದು ಅರಿವಾದಾಗಲೇ ಝ್ಯೂಸ್ ಸೋಲುತ್ತಾನೆ. ಇದು ಋತುಚಕ್ರದ ಪಾಠವಾಗಿ ಸವೆದದ್ದು ಆಮೇಲೆ. ಆರು ಕಾಳು, ಆರು ತಿಂಗಳು ಎಂಬುದೂ ಅಲ್ಲಿಲ್ಲ: ಒಂದೇ ಕಾಳು, ವರ್ಷದ ಮೂರನೆಯ ಒಂದು ಭಾಗ. ವರ್ಷವನ್ನು ಸಮನಾಗಿ ಹಂಚಿದವನು ರೋಮಿನ ಓವಿಡ್. ಅವನ ಒಂದು ಕಾವ್ಯದಲ್ಲಿ ಏಳು ಕಾಳು, ಇನ್ನೊಂದರಲ್ಲಿ ಮೂರು. ನಿಮ್ಮ ನಾಟಕದಲ್ಲಿ ಚಳಿಗಾಲ, ಬೇಸಿಗೆ ಯಾವುದನ್ನೂ ಹೆಸರಿಸದೆ ‘ಮೂರರಲ್ಲಿ ಒಂದು ಪಾಲು ಕೆಳಗೆ, ಎರಡು ಪಾಲು ತಾಯಿಯ ಬಳಿ’ ಎಂದರೆ ಸಾಕು.

ಭೂತಾಯಿಯ ವಿಚಾರ. ಗ್ರೀಕರ ಭೂತಾಯಿ ಬೇರೆ, ಅವಳ ಹೆಸರು ಗೈಯಾ. ವಿಚಿತ್ರವೆಂದರೆ, ಸ್ತೋತ್ರದಲ್ಲಿ ಹುಡುಗಿಯನ್ನು ಸೆಳೆಯಲು ನೂರು ತಲೆಯ ನಾರ್ಸಿಸಸ್ ಹೂವನ್ನು ಅರಳಿಸಿ ಹೇಡೀಸನಿಗೆ ಅನುಕೂಲ ಮಾಡಿಕೊಡುವವಳೇ ಆ ಭೂಮಿ! ಇಬ್ಬರನ್ನೂ ಒಂದೇ ಎಂದರೆ ಕಥೆಯೇ ಕುಸಿಯುತ್ತದೆ. ಡಿಮೀಟರ್ ಕಾಡು, ಬಯಲು, ಮಣ್ಣಿನ ಒಡತಿಯಲ್ಲ. ಉತ್ತು ಬಿತ್ತಿದ ಕಾಳಿನವಳು. ಹೆಸರಿನ ‘ಮೀಟರ್’ ಭಾಗ ಸಂಸ್ಕೃತದ ‘ಮಾತೃ’ವಿನ ಒಡಹುಟ್ಟು, ತಾಯಿ ಎಂದೇ ಅರ್ಥ, ‘ಡಿ’ ಎಂಬುದಕ್ಕೆ ಒಪ್ಪಿತವಾದ ಅರ್ಥ ಇಂದಿಗೂ ಇಲ್ಲ. ಹೆಸಿಯೋಡ್ ಎಂಬ ಹಳೆಯ ಕವಿ ರೈತನಿಗೆ ಹೇಳುತ್ತಾನೆ: ಮೊದಲ ಉಳುಮೆಯ ದಿನ ನೇಗಿಲಿನ ಮೇಳಿ ಹಿಡಿದು ನೆಲದೊಳಗಿನ ಝ್ಯೂಸನಿಗೂ ಡಿಮೀಟರಳಿಗೂ ಕಾಳು ಭಾರವಾಗಲೆಂದು ಬೇಡಿಕೋ, ಹಿಂದೆ ಒಬ್ಬ ಆಳು ಗುದ್ದಲಿಯಿಂದ ಬೀಜ ಮುಚ್ಚುತ್ತ ಬರಲಿ, ಹಕ್ಕಿಗಳಿಗೆ ಸಿಗದಿರಲಿ. ಇದಕ್ಕಿಂತ ಹತ್ತಿರದಿಂದ ಅವಳನ್ನು ತೋರಿಸಿದ ಚಿತ್ರ ನನಗೆ ಗೊತ್ತಿಲ್ಲ. ಆದ್ದರಿಂದ ಚರಗದ ದೃಶ್ಯವನ್ನು ಈ ನಾಟಕದೊಳಗೆ ಬೆರೆಸಬೇಡಿ. ಚರಗ ಚೆಲ್ಲುವುದು ನಿಂತ ಬೆಳೆಯ ಹೊಲಕ್ಕೆ ಉಣಬಡಿಸುವ ಸಂತೋಷ; ಅದರ ಹಿಂದೆ ಮುನಿದ ತಾಯಿಯಿಲ್ಲ. ಎರಡನ್ನೂ ಕಲಸಿದರೆ ಎರಡರ ರುಚಿಯೂ ಕೆಡುತ್ತದೆ. ನಾಟಕಕ್ಕೆ ಮೊದಲು ಅದನ್ನು ಬೇರೆಯೇ ಹಾಡಾಗಿ ಹಾಡಿಸಿ.

ಪೂಜೆಯ ವಿಷಯಕ್ಕೆ ಬಂದರೆ, ಹೆಣ್ಣುಮಕ್ಕಳಿಗೆ ಹೇಳಲೇಬೇಕಾದದ್ದು ಥೆಸ್ಮೊಫೋರಿಯಾ. ಬಿತ್ತನೆಯ ಹೊತ್ತಿಗೆ ಬರುವ ಈ ಹಬ್ಬಕ್ಕೆ ಗಂಡಸರಿಗೆ ಪ್ರವೇಶವಿರಲಿಲ್ಲ. ಅಥೆನ್ಸಿನಲ್ಲಿ ಮೂರು ದಿನ. ವಿವಾಹಿತ ಹೆಂಗಸರು ಮನೆ ಬಿಟ್ಟು ಬಂದು ಗುಡಾರಗಳಲ್ಲಿ ಉಳಿಯುತ್ತಿದ್ದರು. ನಡುವಿನ ದಿನ ಉಪವಾಸ, ನೆಲದ ಮೇಲೆ ಹಾಸಿದ ಸೊಪ್ಪಿನ ಮೇಲೆ ಕುಳಿತು. ಆ ಸೊಪ್ಪಿನ ಗಿಡ ನಮ್ಮ ಹೊಳೆದಂಡೆಗಳ ಲಕ್ಕಿ ಗಿಡದ ಜಾತಿಯದೇ. ಮೊದಲೇ ಆಳವಾದ ಕುಳಿಗಳಿಗೆ ಎಸೆದಿದ್ದ ಹಂದಿಮರಿಗಳ ಕೊಳೆತ ಅವಶೇಷವನ್ನು, ಮೂರು ದಿನ ಮಡಿಯಲ್ಲಿದ್ದ ಹೆಂಗಸರು ಇಳಿದು ಮೇಲೆ ತಂದು ಬಲಿಪೀಠದ ಮೇಲಿಡುತ್ತಿದ್ದರು. ಅದನ್ನು ಒಯ್ದು ಬೀಜದ ಜೊತೆ ಬೆರೆಸಿದರೆ ಬೆಳೆ ಚೆನ್ನಾಗಿ ಬರುತ್ತದೆಂಬ ನಂಬಿಕೆ. ಕೇಳಲು ಅಸಹ್ಯ ಎನ್ನಿಸಬಹುದು, ಗೊಬ್ಬರ ತಿಳಿದ ಮನೆಯ ಮಕ್ಕಳಿಗೆ ಅನ್ನಿಸಲಾರದು. ಕೊಳೆತದ್ದೇ ಬೆಳೆಯಾಗುತ್ತದೆ ಎಂಬುದನ್ನು ಅವರು ಕೈಯಾರೆ ಮುಟ್ಟಿ ಆಚರಿಸುತ್ತಿದ್ದರು.

ಅಮಲಿನ ಪಾನೀಯದ ಮಾತು ಹುಟ್ಟಿದ್ದು ಅಥೆನ್ಸಿನಿಂದ ಸುಮಾರು 20 ಕಿಲೋಮೀಟರ್ ದೂರದ ಎಲ್ಯೂಸಿಸ್‌ನ ಗುಪ್ತ ದೀಕ್ಷೆಯ ಸುತ್ತ. ಗ್ರೀಕ್ ಭಾಷೆ ಬರುವ, ಕೊಲೆಯ ಕಳಂಕವಿಲ್ಲದ ಯಾರೂ, ಹೆಂಗಸರು ಮತ್ತು ಗುಲಾಮರು ಸಹ, ಅಲ್ಲಿ ದೀಕ್ಷೆ ಪಡೆಯಬಹುದಿತ್ತು. ಒಳಗೆ ಕಂಡದ್ದನ್ನು ಹೊರಗೆ ಹೇಳುವಂತಿರಲಿಲ್ಲ, ಕ್ರಿ.ಪೂ. 415ರಲ್ಲಿ ಆಲ್ಸಿಬಯಡೀಸ್‌ನಂಥ ಪ್ರಬಲ ಸೇನಾನಿಯ ಮೇಲೂ ಆ ಆಚರಣೆಯನ್ನು ಅಣಕಿಸಿದ ಆರೋಪ ಬಂತು. ಅಲ್ಲಿ ಕುಡಿಯುತ್ತಿದ್ದ ‘ಕುಕಿಯೋನ್’ ಏನೆಂಬುದು ಸ್ತೋತ್ರದಲ್ಲೇ ಇದೆ. ಮುದುಕಿಯ ವೇಷದಲ್ಲಿ ಬಂದ ದೇವತೆ ಮನೆಯೊಡತಿ ಕೊಟ್ಟ ದ್ರಾಕ್ಷಾರಸ ಬೇಡವೆಂದು, ಜವೆಗೋಧಿ, ನೀರು, ಪುದೀನದ ಜಾತಿಯ ಒಂದು ಸೊಪ್ಪು ಸೇರಿಸಿ ಕೊಡಿ ಎನ್ನುತ್ತಾಳೆ. ಅದು ಅಂಬಲಿ. ಧಾನ್ಯದ ತೆನೆಗೆ ತಗಲುವ ಎರ್ಗಟ್ ಶಿಲೀಂಧ್ರದಿಂದ ಅದರಲ್ಲಿ ಅಮಲು ಬರುತ್ತಿತ್ತೆಂದು ಮೂವರು ಲೇಖಕರು, ಅದೂ 1978ರಲ್ಲೇ, ವಾದಿಸಿದರು. ಎಲ್ಯೂಸಿಸ್‌ನಲ್ಲಿ ಹಾಗಿತ್ತೆಂಬುದು ಸಿದ್ಧವಾಗಿಲ್ಲ. ಆ ಶಿಲೀಂಧ್ರ ಮನುಷ್ಯನ ಕೈಕಾಲು ಕೊಳೆಯಿಸಬಲ್ಲ ವಿಷ. ಸಾವಿರಾರು ಜನ ವರ್ಷವರ್ಷವೂ ಕುಡಿದು ನೆಮ್ಮದಿಯಿಂದ ಮನೆಗೆ ಮರಳಿದ್ದನ್ನು ನೆನೆದರೆ ನಾನು ಆ ವಾದವನ್ನು ಒಪ್ಪಲಾರೆ. ನಿಮ್ಮ ವೇದಿಕೆಯ ಮೇಲೆ ಮನೆಯ ಅಂಬಲಿಗೆ ನಾಲ್ಕು ಎಲೆ ಪುದೀನ ಹಾಕಿದರೆ ಅಷ್ಟೇ ಸಾಕು.

ಈ ದೇವತೆ ರೈತರ ಮನಸ್ಸಿನಲ್ಲಿ ಎಷ್ಟು ಕಾಲ ಉಳಿದಳೆಂಬುದಕ್ಕೆ ಒಂದು ನಿಜ ಘಟನೆ ಹೇಳುತ್ತೇನೆ. ಕ್ರಿ.ಶ. 4ನೆಯ ಶತಮಾನದ ಕೊನೆಗೆ ಎಲ್ಯೂಸಿಸ್ ಹಾಳುಬಿತ್ತು. 1801ರಲ್ಲಿ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ ಎಂಬ ಇಂಗ್ಲಿಷ್ ಪ್ರವಾಸಿ ಅಲ್ಲಿಗೆ ಹೋದಾಗ, ಮುಖ ಸವೆದ ದೊಡ್ಡ ಅಮೃತಶಿಲೆಯ ಹೆಣ್ಣುಮೂರ್ತಿಯೊಂದು ಗೊಬ್ಬರದ ರಾಶಿಯಲ್ಲಿ ಹುಗಿದು ನಿಂತಿತ್ತು. ಕ್ರೈಸ್ತರೇ ಆಗಿದ್ದ ಊರವರು ತಮ್ಮ ಹೊಲಗಳ ಬೆಳೆ ಅವಳಿಂದಲೇ ಎಂದು ನಂಬಿ ಗೊಬ್ಬರ ಪೇರಿಸಿದ್ದರು. ಒಯ್ಯುವ ಮುನ್ನಾ ದಿನ ಎತ್ತೊಂದು ನೊಗ ಕಿತ್ತುಕೊಂಡು ಮೂರ್ತಿಯನ್ನು ಹಾಯ್ದು ಬಯಲಿಗೆ ಓಡಿತಂತೆ, ಊರೇ ಹೆದರಿತು. ಆದರೂ ಅಧಿಕಾರಿಯ ಅಪ್ಪಣೆ ಪಡೆದು ಕ್ಲಾರ್ಕ್ ಅದನ್ನು ಸಾಗಿಸಿದ. ಹಡಗು ಇಂಗ್ಲೆಂಡಿನ ದಡದ ಬಳಿ ಒಡೆಯಿತು, ಮೂರ್ತಿಯನ್ನು ಎತ್ತಿದರು. ಇಂದು ಅದು ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿದೆ. ವಾಸ್ತವದಲ್ಲಿ ಅವಳು ಡಿಮೀಟರ್ ಅಲ್ಲ, ಗುಡಿಯ ಬಾಗಿಲಿನಲ್ಲಿ ತಲೆಯ ಮೇಲೆ ಪವಿತ್ರ ಪೆಟ್ಟಿಗೆ ಹೊತ್ತು ನಿಂತಿದ್ದ ಸೇವಕಿ. ಊರವರಿಗೆ ಅದು ಮುಖ್ಯವಾಗಿರಲಿಲ್ಲ. ಇದನ್ನು ಓದಿದಾಗಲೆಲ್ಲ ಆ ಗೊಬ್ಬರ ಹಾಕಿದ ಕೈಗಳ ಮೇಲೆ ನನಗೆ ಗೌರವ ಮೂಡುತ್ತದೆ.

ಕೊನೆಯದಾಗಿ ಪಾತ್ರಗಳ ಬಗ್ಗೆ. ಅರ್ಧ ಗಂಟೆಯಲ್ಲಿ ಹೆಚ್ಚು ಹೊತ್ತನ್ನು ಬಾವಿಯ ಕಟ್ಟೆಗೆ ಕೊಡಿ. ಕಂಚಿನ ಕೊಡ ಹಿಡಿದು ನೀರಿಗೆ ಬರುವ ನಾಲ್ವರು ಅಕ್ಕತಂಗಿಯರು, ಕಲ್ಲಿಡಿಕೆ, ಕ್ಲೈಸಿಡಿಕೆ, ಡೆಮೋ, ಕಲ್ಲಿಥೋಯೆ, ಅಪರಿಚಿತ ಮುದುಕಿಯನ್ನು ‘ಊರ ಹೊರಗೆ ಏಕೆ ಕುಳಿತೆ ಅಜ್ಜಿ, ಮನೆಗೆ ಬಾ’ ಎಂದು ಕರೆಯುತ್ತಾರೆ. ನಾಲ್ವರು ಹುಡುಗಿಯರಿಗೂ ಒಳ್ಳೆಯ ಮಾತು ಸಿಗುತ್ತದೆ. ದುಃಖದಲ್ಲಿ ಬಾಯಿ ಬಿಡದ ದೇವತೆಯನ್ನು ನಗಿಸುವ ಆ ಮನೆಯ ಕೆಲಸದಾಕೆ ಇಯಾಂಬೆಗೆ ನಿಮ್ಮ ಬೀಗರ ಹಾಡಿನ ಧಾಟಿ ಕೊಟ್ಟು ನೋಡಿ, ಚೆನ್ನಾಗಿ ಹೊಂದುತ್ತದೆ. ಆ ಮನೆಯಲ್ಲಿ ದಾದಿಯಾದ ದೇವತೆ, ಅಕ್ಕತಂಗಿಯರ ಪುಟ್ಟ ತಮ್ಮ ಡೆಮೊಫೋನನನ್ನು ಸಾವಿಲ್ಲದವನನ್ನಾಗಿಸಲು ಬೆಂಕಿಯಲ್ಲಿಡುವ ದೃಶ್ಯವಿದೆ. ನಿಜವಾದ ಬೆಂಕಿ ಬೇಡವೇ ಬೇಡ, ಕೆಂಪು ಬಟ್ಟೆಯ ಹಿಂದೆ ದೀಪವಿಡಿ. ಡಿಮೀಟರಳಿಗೆ ರೇಷ್ಮೆಯನ್ನೂ ಕಿರೀಟವನ್ನೂ ತೊಡಿಸಬೇಡಿ. ಮಗಳ ಕೂಗು ಕೇಳಿದಾಗ ತಲೆಯ ವಸ್ತ್ರ ಹರಿದು, ಹೆಗಲ ಮೇಲೆ ಕಪ್ಪು ಹೊದಿಕೆ ಹೊದ್ದವಳು ಅವಳು. ಆ ಕಪ್ಪು ಕಂಬಳಿ ಕೊನೆಯ ದೃಶ್ಯದವರೆಗೂ ಇರಲಿ. ಮಗಳು ಓಡಿ ಬಂದು ಕೊರಳು ತಬ್ಬಿದಾಗ ಅದು ಜಾರಲಿ, ಒಳಗಿನಿಂದ ಮಾಗಿದ ತೆನೆಯ ಬಣ್ಣದ ಇಳಕಲ್ ಸೀರೆ ಕಾಣಲಿ.